ಬಾಲ ಗಿಡ್ಡಾದ ಮೇಲೆ ಗುಡ್ಡ ಇಳಿದವರಿಗೆ

ಸಣ್ಣಮಟ್ಟಿ, ಕರೆಕಲ್ಲ ಗುಡ್ಡದ ಬುಡ
ಫೆಬ್ರುವರಿ ೩೦, ೨೨೧೪

ಹಿಂದಿನವರಾದ ಎಲ್ಲರಿಗೂ, ಅದರಲ್ಲೂ ಆ ವರ್ಷ ಕರೆಕಲ್ಲ ಗುಡ್ಡ ಹತ್ತಿ ಬಾಲಚುಕ್ಕಿಯ ಫೋಟೋ ಹೊಡೆದವರಿಗೆ, ಫಕೀರಪ್ಪ ಕಾಕಾ ಮಾಡುವ ನಮಸ್ಕಾರ.

ಮೊದಲು ನಾನು ಯಾರೆಂದು ತಿಳಿದುಕೊಳ್ಳಿರಿ. ನೀವು ನೋಡಿದ ಆ ಬಾಲಚುಕ್ಕಿಯನ್ನು ನೂರ ಎಂಬತ್ತು ಚಿಲ್ಲರೆ ವರ್ಷಗಳ ಮೇಲೆ ಸೂರ್ಯನ ಹತ್ತಿರಕ್ಕೆ ವಾಪಸು ಕರೆಸಿದವನು ನಾನೇ. ಗುಡ್ಡದ ನೆತ್ತಿಗೆ ನಿಂತು, ಎರಡೂ ಕೈ ಬಾಯಿಗೆ ಹಚ್ಚಿ ಒಂದು ಸಲ ಕೂಗಿದೆ, ಅದು ತಿರುಗಿತು. ಎರಡನೆಯ ಸಲ ಕೂಗುವ ಪ್ರಸಂಗವೇ ಬರಲಿಲ್ಲ. ನಂಬದವರು ಸಣ್ಣಮಟ್ಟಿಗೆ ಬಂದು ಯಾರನ್ನು ಬೇಕಾದರೂ ಕೇಳಬಹುದು. ನಿಮಗೆ ಬರಲಾಗುವುದಿಲ್ಲ ಎನ್ನುವುದು ನನಗೆ ಗೊತ್ತು, ಅದಕ್ಕೇ ಇಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ.

ತಾರೀಖು ನೋಡಿ ನಗಬೇಡಿರಿ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಕೊಡದೆ ವರ್ಷದ ಕೊನೆಗೆ ಗಂಟು ಕಟ್ಟಿ ಇಟ್ಟಿದ್ದಾರೆ, ಬಿಡುದಿನ ಎನ್ನುತ್ತಾರೆ, ಆಗ ಯಾರೂ ಕೆಲಸ ಮಾಡುವಂತಿಲ್ಲ. ನಮ್ಮ ಮಾತು ಕೂಡ ನಿಮಗೆ ಒರಟು ಅನ್ನಿಸೀತು, ಕ್ಷಮೆ ಇರಲಿ. ನಾನು ಊರ ಸಾಲಿಯಲ್ಲಿ ಏಳನೇ ಇಯತ್ತೆಯ ತನಕ ಕಲಿತವನು. ನಿಮ್ಮ ಕಾಲದ ಬರಹದ ಕನ್ನಡವನ್ನು ಹಳೆಯ ಲಗ್ನಪತ್ರಿಕೆಗಳನ್ನೂ ಗೊಬ್ಬರದ ಚೀಲಗಳನ್ನೂ ಓದಿ ರೂಢಿ ಮಾಡಿಕೊಂಡೆ. ತಪ್ಪು ಕಂಡರೆ ಚೀಲದವರನ್ನು ಕೇಳಿರಿ. ಇನ್ನೊಂದು ಮಾತು. ಈ ಪತ್ರವನ್ನು ನಾನು ಬರೆಯುತ್ತಿರುವುದು ಮೂರನೆಯ ಸಲ. ಮೊದಲಿನ ಎರಡು ಏಕೆ ಹೋಗಲಿಲ್ಲ ಎಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಗಡಬಡಿಸಬೇಡಿರಿ.

ಈಗ ಸಿಟ್ಟಿನ ಮಾತಿಗೆ ಬರುತ್ತೇನೆ. ನಿಮ್ಮ ಕಾಲದವರು ತೆಗೆದ ಪಟಗಳು ನಮ್ಮಲ್ಲಿ ಚಿತ್ರಕಣಜ ಎಂಬಲ್ಲಿ ಇವೆ. ಜೋಳ ತುಂಬುವ ಹಗೆಯ ಹಾಗೆ ನೆಲದೊಳಗೆ ತೋಡಿದ ತಂಪು ಕೋಣೆ ಅದು. ಯಾವ ಊರು, ಯಾವ ದಿನ ಎಂದು ಹೇಳಿದರೆ ಸಾಕು, ಅಂದಿನ ಪಟಗಳನ್ನೆಲ್ಲ ಗೋಡೆಯ ಮೇಲೆ ಹರವಿ ತೋರಿಸುತ್ತದೆ. ನನ್ನ ಅಣ್ಣನ ಮಗಳು ನೀಲಗಂಗಾ ಅಲ್ಲಿ ಹದಿನೆಂಟು ದಿನ ಕೂತು, ಕರೆಕಲ್ಲ ಗುಡ್ಡದ ಮೇಲಿಂದ ನೀವು ತೆಗೆದ ಬಾಲಚುಕ್ಕಿಯ ಪಟಗಳನ್ನು ಒಂದೂ ಬಿಡದೆ ನೋಡಿದಳು. ಒಂಬತ್ತು ಸಾವಿರದ ಮೇಲಿವೆ. ಅಷ್ಟೂ ಮೂರೇ ಮೂರು ಸಂಜೆಯವು! ಬಾಲ ಉದ್ದವಿದ್ದ ಮೂರು ಸಂಜೆ. ನಾಲ್ಕನೆಯ ಸಂಜೆ ಬಾಲ ಒಂದು ಮೊಳ ಗಿಡ್ಡಾಯಿತು, ನೀವು ಮಿರ್ಚಿ ಕಟ್ಟಿದ ಕಾಗದವನ್ನು ಅಲ್ಲೇ ಒಗೆದು ಗುಡ್ಡ ಇಳಿದಿರಿ.

ಆ ಮೂರು ಸಂಜೆಗಳ ಪಟಗಳಾದರೂ ಹೇಗಿವೆ? ಸಾವಿರಾರು ಪಟಗಳಲ್ಲಿ ಮುಂದೆ ನಿಮ್ಮ ಮುಖ, ಹಿಂದೆ ಎಲ್ಲೋ ಒಂದು ಗೀರು. ಒಬ್ಬ ಮಹಾಶಯ ಬಾಲಚುಕ್ಕಿಯನ್ನು ಬೆರಳಿಟ್ಟು ತೋರಿಸಲು ಹೋಗಿ ಅದೇ ಬೆರಳಿನಿಂದ ಅದನ್ನು ಪೂರಾ ಮುಚ್ಚಿದ್ದಾನೆ. ಇನ್ನೊಬ್ಬ ಪುಣ್ಯಾತ್ಮ ಫ್ಲ್ಯಾಶ್ ಹಾಕಿದ್ದಾನೆ. ಕೋಟಿಗಟ್ಟಲೆ ಮೈಲಿ ಆಚೆ ಇರುವುದಕ್ಕೆ ಇವನು ಬೆಳಕು ತೋರಿಸುತ್ತಾನಂತೆ! ದುರ್ಬೀನು ಹೊತ್ತು ತಂದ ಹವ್ಯಾಸಿಗಳೂ ಇದ್ದಿರಿ, ನಿಮ್ಮ ಮೇಲೆ ನನಗೆ ಇನ್ನೂ ಹೆಚ್ಚಿನ ಸಿಟ್ಟು. ನಿಮಗೆ ತಿಳಿವಳಿಕೆ ಇತ್ತು. ಮೂರು ಕಾಲಿನ ಕುರ್ಚಿ ಹೂಡಿ, ತಾಸುಗಟ್ಟಲೆ ಕೂತು, ಚೆಂದದ ಪಟ ತೆಗೆದು, ಮನೆಗೆ ಹೋಗಿ ಅದಕ್ಕೆ ಹಸಿರು ನೀಲಿ ಬಣ್ಣ ಮೆತ್ತಿ ಮದುವೆ ಹೆಣ್ಣು ಮಾಡಿದಿರಿ. ಮುಂದಿನ ವಾರ ಅದೇ ಚುಕ್ಕಿ ಸೀರೆ ಬಿಚ್ಚಿಟ್ಟು ಹತ್ತಿಯ ಉಂಡೆಯಂತೆ ಕೂತಾಗ ನಿಮ್ಮಲ್ಲಿ ಒಬ್ಬರೂ ಹೊಳ್ಳಿ ನೋಡಲಿಲ್ಲ. ಆಕಾಶದ ತುಂಬ ನೀವು ಬಿಟ್ಟುಹೋದ ಓಡುಚುಕ್ಕಿಗಳು ಬೇರೆ, ನಿಮ್ಮ ಮಂದಿ ಮೇಲಕ್ಕೆ ಹಾರಿಸಿದ ಯಂತ್ರಗಳು. ಇಂದಿಗೂ ನಮ್ಮ ಪ್ರತಿ ಪಟದಲ್ಲಿ ಹತ್ತು ಹನ್ನೆರಡು ಗೆರೆ ಎಳೆಯುತ್ತ ಓಡುತ್ತವೆ. ಎರಡು ಗೆರೆಗಳ ನಡುವಿನ ಸಂದು ನೋಡಿ ಪಟ ತೆಗೆಯುವುದನ್ನು ಇಲ್ಲಿಯ ಮಕ್ಕಳಿಗೆ ಸಾಲಿಯಲ್ಲಿ ಕಲಿಸುತ್ತಾರೆ.

ಆರಿದ ಚುಕ್ಕಿಯ ಪಟದಿಂದ ಏನಾಗಬೇಕು ಎಂದು ನೀವು ಕೇಳಬಹುದು. ಬಾಲಚುಕ್ಕಿ ಎಂದರೆ ಮಣ್ಣು ಕಲೆತ ಮಂಜಿನ ಗಡ್ಡೆ. ಸೂರ್ಯನ ಹತ್ತಿರ ಬಂದಾಗ ಕಾದು ಹೊಗೆ ಬಿಡುತ್ತದೆ, ದೂರ ಹೋದಂತೆ ಆರುತ್ತದೆ. ಹೊಳೆಯುವಾಗ ಒಳಗಿನ ಗುಟ್ಟು ಗೊತ್ತಾಗುವುದಿಲ್ಲ. ಆರುವ ರೀತಿಯಲ್ಲಿ ಗೊತ್ತಾಗುತ್ತದೆ. ನಿಧಾನ ಆರಿದರೆ ಗಡ್ಡೆ ಇನ್ನೂ ಗಟ್ಟಿ ಇದೆ, ದಡಕ್ಕನೆ ಆರಿದರೆ ಒಳಗೆ ಒಡೆಯುತ್ತಿದೆ. ಇದನ್ನು ನಾನೇ ಕಂಡುಹಿಡಿದೆ ಎಂದು ಬರೆಯುವವನಿದ್ದೆ. ನೀಲಗಂಗಾ ಎದುರಿಗೆ ಕೂತಿದ್ದಾಳೆ, ಆದ್ದರಿಂದ ಅವಳೇ ಹೇಳಿದ್ದು ಎಂದು ಬರೆಯುತ್ತೇನೆ.

ನೀಲಗಂಗಾ ನಲವತ್ತೆರಡರ ಹೆಂಗಸು. ಹಗಲು ತಂಪಂಗಿ ಹೊಲಿಯುತ್ತಾಳೆ. ತಂಪಂಗಿ ಎಂದರೆ ಹೊಲಿಗೆಯ ಗುಂಟ ಸಣ್ಣ ನೀರಿನ ಎಳೆ ಹರಿಯುವ ಅಂಗಿ. ಇಲ್ಲಿಯ ಬಿಸಿಲಿಗೆ ಅದಿಲ್ಲದೆ ಎತ್ತು ಸಹ ಹೊರಗೆ ಬರುವುದಿಲ್ಲ, ಎತ್ತಿಗೂ ಒಂದು ಹೊಲಿದಿದ್ದಾಳೆ. ಹೊತ್ತು ಮುಳುಗುವಾಗ ಊರಲ್ಲಿ ಗಂಟೆ ಬಾರಿಸುತ್ತಾರೆ, ಅದಕ್ಕೆ ದೀಪಮುಚ್ಚು ಎನ್ನುತ್ತೇವೆ. ಎಲ್ಲರೂ ಒಂದು ತಾಸು ದೀಪಗಳ ಮೇಲೆ ಗಡಿಗೆ ಬೋರಲು ಹಾಕುತ್ತಾರೆ. ಆ ಒಂದು ತಾಸಿನಲ್ಲಿ ನೀಲಗಂಗಾ ಗುಡ್ಡದ ಕಲ್ಲುಕಟ್ಟೆಯ ಮೇಲೆ ಕ್ಯಾಮೆರಾ ಹೂಡಿ ಪಡುವಣಕ್ಕೆ ಕೂರುತ್ತಾಳೆ. ಬಾಲಚುಕ್ಕಿ ಬಂದಾಗ ಊರೆಲ್ಲ ಕಟ್ಟೆಯ ಸುತ್ತ ಇತ್ತು. ನಮ್ಮವರು ನಿಮಗಿಂತ ಒಂದು ವಾರ ಹೆಚ್ಚು ನಿಂತರು, ಅಷ್ಟೇ. ಆಮೇಲೆ ಉಳಿದವರು ಅವಳು, ನಾನು ಮತ್ತು ಟಪಾಲು ಗುಮಾಸ್ತೆ ತೋಟಪ್ಪ. ಅವನು ಬರುತ್ತಿದ್ದದ್ದು ನನ್ನನ್ನು ಕೆಣಕುವುದಕ್ಕೆ. “ಕಾಕಾ, ನೀ ಕರಸಿದ ಚುಕ್ಕಿ ಹೊಂಟೇ ಹೋತಲ್ಲೋ! ಚಾ ಕುಡಿಸಿ ಕಳಿಸಬೇಕಿತ್ತು” ಎನ್ನುತ್ತಿದ್ದ. “ಹೇಳಿದ್ನೆಪಾ, ಸಕ್ಕರಿ ಇಲ್ಲ ಅಂದ್ರಿ ನಿಮ್ಮ ಮನ್ಯಾಗ” ಎನ್ನುತ್ತಿದ್ದೆ.

ನೀಲಗಂಗಾ ಕ್ಯಾಮೆರಾವನ್ನು ಬೇಕೆಂದೇ ಸಡಿಲು ಬಿಟ್ಟು ಪಟ ತೆಗೆಯುತ್ತಾಳೆ. ನಕ್ಷತ್ರಗಳೂ ಬಾಲಚುಕ್ಕಿಯೂ ಎಲ್ಲ ಒಂದೇ ಅಳತೆಗೆ ಹರಡಿ, ರೊಟ್ಟಿ ತಟ್ಟಿದ ಹಾಗೆ ದುಂಡಗೆ ಮಬ್ಬಾಗಬೇಕು. ಆಗ ಯಾವ ನಕ್ಷತ್ರದ ರೊಟ್ಟಿಗೆ ಬಾಲಚುಕ್ಕಿಯ ರೊಟ್ಟಿ ಸಮ ಬೆಳ್ಳಗಿದೆ ಎಂದು ಕಣ್ಣಳತೆಯಲ್ಲೇ ಹೇಳಬಹುದು. ಚೂಪು ಪಟದಲ್ಲಿ ಅದು ಆಗುವುದಿಲ್ಲ, ಸಾಸಿವೆಯನ್ನೂ ಹತ್ತಿಯ ಉಂಡೆಯನ್ನೂ ಹೇಗೆ ತೂಗಿ ನೋಡುತ್ತೀರಿ? ಇಂಥ ಪಟಕ್ಕೆ ಅವಳು ಇಟ್ಟ ಹೆಸರು ರೊಟ್ಟಿಪಟ. ದೂರದ ನಕ್ಷತ್ರಸಭೆಯವರ ಪತ್ರಗಳನ್ನು ಓದಿ ಈ ವಿದ್ಯೆ ಕಲಿತಳು. ಹಾಗೆ ಎಂಬತ್ತು ಸಂಜೆ ತೆಗೆದಳು. ಚುಕ್ಕಿ ದಡಕ್ಕನೆ ಆರುತ್ತಿದೆ, ಗಡ್ಡೆ ಒಡೆಯುತ್ತಿದೆ, ಇದು ಮೂರನೆಯ ಸಲ ಬರುವುದಿಲ್ಲ ಎಂದು ಬರೆದು ಸಭೆಗೆ ಕಳಿಸಿದಳು. ಸಭೆಯವರು ಉತ್ತರ ಕೊಟ್ಟರು: ಅದರ ಸ್ವಭಾವವೇ ಹಾಗಿರಬಹುದು, ಹಿಂದಿನ ಸಲ ಹೇಗೆ ಆರಿತ್ತು ಎಂಬ ದಾಖಲೆ ತೋರಿಸಿರಿ. ಮಾರ್ಚ್ ಹತ್ತರೊಳಗೆ ತೋರಿಸದಿದ್ದರೆ ಅವಳ ಎಂಬತ್ತು ಸಂಜೆಗಳನ್ನು ‘ಕೇಳಿದ ಮಾತು’ ಎಂಬ ಕಟ್ಟಿನಲ್ಲಿ ಸೇರಿಸುತ್ತಾರೆ. ಆ ಕಟ್ಟನ್ನು ಯಾರೂ ಬಿಚ್ಚುವುದಿಲ್ಲ. ದೆವ್ವ ಕಂಡವರ ಕಾಗದಗಳೂ ಅದರಲ್ಲೇ ಇರುತ್ತವೆ.

ಅದಕ್ಕೇ ಅವಳು ಚಿತ್ರಕಣಜಕ್ಕೆ ಹೋದದ್ದು. ಹದಿನೆಂಟು ದಿನ ಕಳೆದು ಬರಿಗೈಲಿ ಬಂದು ಕಟ್ಟೆಯ ಮೇಲೆ ಕೂತು ಹೇಳಿದಳು: “ಕಣ್ಣಿದ್ದವು, ಕ್ಯಾಮೆರಾ ಇದ್ದವು, ಎಲ್ಲಾ ಇದ್ದವು ಕಾಕಾ. ಇನ್ನೊಂದು ಸಂಜಿ ಕುಂದ್ರಾಕ ಕುಂಡಿ ಇರಲಿಲ್ಲೇನು ಅವರಿಗೆ?” ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳಿಗಿಂತ ಜೋರಾಗಿ ನಿಮ್ಮನ್ನು ಬೈದೆ. ಊರು ಕೂಡುವಷ್ಟು ಜೋರಾಗಿ ಬೈದೆ. ನನ್ನ ಪಾಲಿನ ಹಿಂದಣ ಟಪಾಲಿನಲ್ಲಿ ಅವರಿಗೆ ಬುದ್ಧಿ ಕಲಿಸಿ, ಪಟ ತೆಗೆಸಿಯೇ ಬಿಡುತ್ತೇನೆ ಎಂದು ಎಲ್ಲರೆದುರು ಎದೆ ತಟ್ಟಿದೆ.

ಹಿಂದಣ ಟಪಾಲು ಎಂದರೆ ಕಳೆದ ಕಾಲಕ್ಕೆ ಪತ್ರ ಒಯ್ಯುವ ಅಂಚೆ. ಒಬ್ಬೊಬ್ಬರಿಗೆ ಜನ್ಮದಲ್ಲಿ ಒಂದೇ ಪತ್ರ. ಸತ್ತವರನ್ನು ಉಳಿಸಿರಿ, ಆ ಹೊಲ ಕೊಳ್ಳಿರಿ ಎಂದೆಲ್ಲ ಬರೆಯುವಂತಿಲ್ಲ. ಒಂದು ಕಾಲಕ್ಕೆ ಇದ್ದು, ಆಮೇಲೆ ಕಳೆದುಹೋದ ವಸ್ತುವನ್ನು ಮಾತ್ರ ಕೇಳಬಹುದು. ಪತ್ರದ ಕೊನೆಯ ಸಾಲಿನಲ್ಲಿ ಎಷ್ಟು ಕಳೆದಿದೆ ಎಂಬ ಎಣಿಕೆ ಬರೆಯಬೇಕು. ಅಂಚೆಮನೆಯಲ್ಲಿ ಒಂದು ಕರಿ ಹಾಸುಗಲ್ಲಿದೆ, ಅದರ ಮೇಲೆ ಪತ್ರ ಇಟ್ಟರೆ ನಿಜವಾದ ಎಣಿಕೆಯದು ಹೋಗುತ್ತದೆ, ಸುಳ್ಳು ಎಣಿಕೆಯದು ಹಾಗೆಯೇ ಬಿದ್ದಿದ್ದು ಕಲ್ಲು ಕೆಂಪಾಗುತ್ತದೆ, ಎಂದೂ ಇರದ ವಸ್ತುವನ್ನು ಕೇಳಿದ್ದಾದರೆ ಬಿಳಿಯಾಗುತ್ತದೆ. ಬಡಾಯಿಗೆ ಕಲ್ಲು ತಕರಾರು ಮಾಡುವುದಿಲ್ಲ. ಮಾಡಿದ್ದರೆ ನಮ್ಮ ಊರಿಂದ ಒಂದು ಪತ್ರವೂ ಹೋಗುತ್ತಿರಲಿಲ್ಲ.

ನಾನು ಮೊದಲ ಪತ್ರದಲ್ಲಿ ನಿಮ್ಮನ್ನು ಮನಸಾರೆ ಬೈದು, ಕೊನೆಯ ಸಾಲಿನಲ್ಲಿ ಸೊನ್ನೆ ಎಂದು ಬರೆದೆ. ಹಿಂದಿನವರು ತೆಗೆಯಲೇ ಇಲ್ಲ, ಹಾಗಾಗಿ ಕಳೆದದ್ದು ಸೊನ್ನೆ. ಇರದದ್ದನ್ನು ಕೇಳಿದ ಪತ್ರ ಹೇಗೂ ತಿರುಗಿ ಬರುತ್ತದೆ, ನನ್ನ ಕೆಲಸ ಮುಗಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ನೀಲಗಂಗಾ ನನ್ನ ಪಕ್ಕದಲ್ಲೇ ನಿಂತಿದ್ದಳು. ತೋಟಪ್ಪ ಕಲ್ಲನ್ನು ಬಗ್ಗಿ ನೋಡಿ ತಲೆ ಕೆರೆದುಕೊಂಡ. “ಕಾಕಾ, ಏನೂ ಇರಲಿಲ್ಲ ಅಂದ್ರ ಇದು ಬಿಳಿ ಆಗಬೇಕಿತ್ತು. ಕೆಂಪಾಗೇತಿ. ಸೊನ್ನಿ ಸುಳ್ಳು ಅಂತದ ಕಲ್ಲು. ಏನೋ ಇತ್ತು.”

ನೀಲಗಂಗಾ ನನ್ನ ಮುಖ ನೋಡಿದಳು. ನಾನು ಎಲೆಡಿಕೆಯ ಡಬ್ಬಿ ತೆಗೆದು ಸುಣ್ಣ ಹುಡುಕತೊಡಗಿದೆ. ಅಲ್ಲೇ ನಿಂತು ಎರಡನೆಯ ಪತ್ರದಲ್ಲಿ ಮೂರು ಎಂದು ಬರೆದೆ. ಅದೂ ಕೆಂಪಾಯಿತು. “ಕಾಕಾ, ನೀ ಇಷ್ಟು ಬೆವರೋದು ನಾ ನೋಡಿಲ್ಲ. ತಂಪಂಗಿ ಹರದೈತೇನು?” ಎಂದ ತೋಟಪ್ಪ. ನೀಲಗಂಗಾ ನಗಲಿಲ್ಲ. ನನ್ನ ಹೆಬ್ಬೆರಳು ಮುಚ್ಚಳದ ಸುಣ್ಣ ಬಿಟ್ಟು ಕದಲದ್ದನ್ನು ಕಂಡಿದ್ದಳು, ಮನೆಗೆ ಬಂದವಳೇ ನನ್ನ ಕೈಯಿಂದ ಎಲೆಡಿಕೆಯ ಡಬ್ಬಿ ಕಸಿದುಕೊಂಡು, ಹುಣಸೆಹಣ್ಣು ಹಚ್ಚಿ ಮುಚ್ಚಳವನ್ನು ತಿಕ್ಕಿದಳು. ನಾನು ಹದಿನಾಲ್ಕು ವರ್ಷ ಮೆತ್ತಿದ ಸುಣ್ಣ ಬಿಟ್ಟಿತು. ತಗಡಿನ ಮೇಲೆ ಸೂಜಿಯಲ್ಲಿ ಕೊರೆದ ಅಕ್ಷರ ಕಂಡವು. ‘ಬಾಲಚುಕ್ಕಿ ಆರುವ ತನಕ. ಜೈಬುನ್ನಿಸಾ ಮುಲ್ಲಾ.’ ಕೆಳಗೆ ಒಂದು ಅಂಕಿ, ಒಟ್ಟು ಪಟಗಳದು.

ಇಲ್ಲಿಂದ ಮುಂದಿನದು ಆ ಜೈಬುನ್ನಿಸಾ ಮುಲ್ಲಾ ಅವರಿಗೆ. ಉಳಿದವರು ಬೈಸಿಕೊಂಡು ಆಯಿತು, ಹೋಗಬಹುದು. ಆ ಬೈಗುಳ ಒಂದನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಜೈಬುನ್ನಕ್ಕಾ, ನಿಮ್ಮನ್ನು ಏನೆಂದು ಕರೆಯಲಿ ಎಂದು ಬಹಳ ಯೋಚಿಸಿದೆ. ಲೆಕ್ಕಕ್ಕೆ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯರು. ಪಟದಲ್ಲಿ ಮೂವತ್ತೈದರ ಮೇಲೆ ಕಾಣುವುದಿಲ್ಲ, ನನಗೆ ಅರವತ್ತೆಂಟು. ಅಕ್ಕ ಎಂದರೆ ಇಬ್ಬರಿಗೂ ಮೋಸವಿಲ್ಲ. ಬಸ್ ನಿಲ್ದಾಣದ ಎದುರಿಗೆ ನಿಮ್ಮದು ಫೋಟೋ ಸ್ಟುಡಿಯೋ ಇತ್ತೆಂದು ಪಟದ ಹಿಂದಿನ ಮುದ್ರೆ ಹೇಳುತ್ತದೆ. ಹಗಲು ಅರ್ಜಿಗೆ ಅಂಟಿಸುವ ಮುಖಗಳನ್ನು ತೆಗೆದು, ಸಂಜೆ ಅದೇ ಕ್ಯಾಮೆರಾ ಹೊತ್ತು ಒಬ್ಬರೇ ಗುಡ್ಡ ಹತ್ತಿದ್ದೀರಿ. ನಿಮ್ಮ ಪಟಗಳು ಕಣಜಕ್ಕೆ ಹೋಗಲಿಲ್ಲ. ಗಿಣಿಯ ಚಿತ್ರದ ಬಿಸ್ಕೀಟು ಡಬ್ಬಿಯಲ್ಲಿ, ಮನೆಯಿಂದ ಮನೆಗೆ ದಾಟಿ, ಕಡೆಗೆ ನಮ್ಮ ಗುಡ್ಡದ ಸಂಘದ ಕಪಾಟಿಗೆ ಬಂದವು. ಹದಿನಾಲ್ಕು ವರ್ಷದ ಹಿಂದೆ ಆ ಕಪಾಟಿನ ಕೀಲಿಕೈ ನನ್ನ ಉಡಿದಾರದಲ್ಲಿತ್ತು. ಕೀಲಿ ನನಗೇ ಏಕೆ ಕೊಟ್ಟರೆಂದರೆ, ಒಳ್ಳೆಯ ಪಟವನ್ನು ಹತ್ತು ಮಾರು ದೂರದಿಂದ ಗುರುತಿಸುತ್ತೇನೆ ಎಂದು ನಾನೇ ಹೇಳಿದ್ದೆ.

ಡಬ್ಬಿ ತೆರೆದೆ. ಮೇಲಿನ ಮೂರು ಪಟ ಕನ್ನಡಿಯ ಹಾಗಿದ್ದವು. ಉದ್ದನೆಯ ಬಾಲ, ಗುಡ್ಡ, ಕಲ್ಲುಕಟ್ಟೆ. ಒಂದರಲ್ಲಿ ಕಟ್ಟೆಯ ಪಕ್ಕ ನೀವೇ ನಿಂತಿದ್ದೀರಿ. ಅವುಗಳ ಕೆಳಗಿನವು ಅಷ್ಟೂ ಮಬ್ಬು. ಬಿಳಿ ಬಿಳಿ ಬಿಲ್ಲೆ, ದಿನದಿನಕ್ಕೆ ಒಂದು ಬಿಲ್ಲೆ ಸವೆಯುತ್ತ ಹೋಗುತ್ತದೆ. ಕಡೆಯ ಹತ್ತೊಂಬತ್ತರಲ್ಲಿ ಅದೂ ಇಲ್ಲ, ಬರೀ ಆಕಾಶ. ಅಯ್ಯೋ ಪಾಪ, ಕಣ್ಣು ಮಂಜಾದ ಹೆಣ್ಣುಮಗಳು, ಕ್ಯಾಮೆರಾ ಬಿಗಿಮಾಡಲು ಬಂದಿಲ್ಲ, ಇವನ್ನು ನಾಲ್ಕು ಮಂದಿ ನೋಡಿ ನಗುವುದು ಬೇಡ ಎಂದುಕೊಂಡೆ. ಅಕ್ಕಾ, ನಾನು ನಿಮ್ಮ ಮರ್ಯಾದೆ ಉಳಿಸಿದೆ ಎಂದೇ ತಿಳಿದಿದ್ದೆ! ಮೂರನ್ನು ಇಟ್ಟುಕೊಂಡು ಮಿಕ್ಕವನ್ನು ಕರಗುತೊಟ್ಟಿಗೆ ಹಾಕಿದೆ. ಹಳೆಯ ಕಾಗದ ಹಾಕಿದರೆ ಬೆಳಗಾಗುವುದರಲ್ಲಿ ಹೊಸ ಹಾಳೆ ಮಾಡಿಕೊಡುವ ತೊಟ್ಟಿ ಅದು. ಡಬ್ಬಿ ಎಲೆಡಿಕೆಗೆ ಆಯಿತು. ಹಾಳೆ ಚೆನ್ನಾಗಿ ಬಂದವೆಂದು ಜೋಪಾನ ಮಾಡಿದ್ದೆ. ಈಗ ನಿಮ್ಮ ಕೈಯಲ್ಲಿರುವ ಹಾಳೆ ಅದರದ್ದೇ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಮಿನುಗುತ್ತದೆ, ನಿಮ್ಮ ಫೋಟೋ ಕಾಗದದ ಹೊಳಪು.

ನಾನು ಕರಗಿಸಿದ್ದು ಎಂಥ ಪಟಗಳೆಂದು ನೀಲಗಂಗಾ ರೊಟ್ಟಿಪಟದ ವಿದ್ಯೆ ಕಲಿತು ಬಂದ ದಿನವೇ ನನಗೆ ತಿಳಿದಿತ್ತು. ಆಗ ಬಾಯಿ ಬಿಡಲಿಲ್ಲ. ಅಂಕಿಯ ಮೇಲೆ ಇನ್ನೂ ದಪ್ಪಗೆ ಸುಣ್ಣ ಮೆತ್ತುತ್ತ ಹೋದೆ. ಅವಳು ನಿಮ್ಮ ಕಾಲದವರನ್ನೆಲ್ಲ ಬೈಯುವಾಗ ಅದರಲ್ಲಿ ನಿಮಗೂ ತಾಗುತ್ತಿತ್ತು. ಅದನ್ನು ಕೇಳಿಕೊಂಡು ನಾನೂ ದನಿಗೂಡಿಸಿದೆ. ಮುಚ್ಚಳ ತಿಕ್ಕಿದ ದಿನ ಅವಳು ಕೇಳಿದ್ದು ಒಂದೇ ಮಾತು: “ಎಲ್ಲಾ ಒಂದೇ ಅಳತಿ ಮಬ್ಬಿದ್ದವೇನು ಕಾಕಾ?” ಹೌದೆಂದೆ. ಅವಳು ಆ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. “ಹಂಗಾದ್ರ ಒಬ್ಬಾಕಿ ಗುಡ್ಡ ಇಳಿದಿರಲಿಲ್ಲ” ಎಂದಳು. ಅದಾದ ಮೇಲೆ ನಾಲ್ಕು ದಿನ ನನ್ನ ಕೂಡ ಮಾತಿಲ್ಲ. ರೊಟ್ಟಿ ಬಡಿದು ತಾಟಿಗೆ ಹಾಕುತ್ತಾಳೆ, ಮುಖ ನೋಡುವುದಿಲ್ಲ.

ಹಾಗೆಂದು ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದುಕೊಳ್ಳಬೇಡಿರಿ. ಪ್ರತಿ ಪಟದ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆದಿರಿ, ವೇಳೆ ಬರೆದಿರಿ, ಮೋಡ ಇತ್ತು ಎಂದೂ ಬರೆದಿರಿ. ‘ಇದು ಬೇಕೆಂದೇ ಮಬ್ಬು ಮಾಡಿದ್ದು’ ಎಂದು ಒಂದು ಸಾಲು ಬರೆಯಲು ನಿಮಗೆ ಆಗಲಿಲ್ಲವೇ? ನೋಡುವವರಿಗೆಲ್ಲ ತಿಳಿಯುತ್ತದೆ ಎಂದುಕೊಂಡಿರಾ? ಮುಂದೆ ಫಕೀರಪ್ಪ ಹುಟ್ಟುತ್ತಾನೆ ಎಂಬ ಅಂದಾಜು ಬೇಡವೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಈ ಪತ್ರ ತಲುಪಿದ ಕೂಡಲೇ ಆ ಪಟಗಳ ಇನ್ನೊಂದು ಪ್ರತಿ ಮಾಡಿರಿ. ಏನೂ ಕಾಣದ ಹತ್ತೊಂಬತ್ತನ್ನೂ ಬಿಡಬೇಡಿರಿ. ಚುಕ್ಕಿ ಪೂರಾ ಆರಿದ್ದು ಯಾವ ಸಂಜೆ ಎಂದು ಹೇಳುವವು ಅವೇ ಅಂತೆ. ಪ್ರತಿಯೊಂದರ ಹಿಂದೆ ನಾನು ಹೇಳಿದ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ನೀರು ಇಳಿಯದಂತೆ ಮೇಣಬಟ್ಟೆಯಲ್ಲಿ ಸುತ್ತಿರಿ. ಡಬ್ಬಿ ಬೇಡ, ಡಬ್ಬಿ ಕಂಡರೆ ನನ್ನಂಥವರಿಗೆ ಆಸೆ. ಕಲ್ಲುಕಟ್ಟೆಯ ಕೆಳಗಿನ ಮೆಟ್ಟಿಲನ್ನು ಎತ್ತಿ ಅದರಡಿ ಇಡಿರಿ. ಆ ಮೆಟ್ಟಿಲನ್ನು ಇಂದಿನ ತನಕ ಯಾರೂ ಎತ್ತಿಲ್ಲ. ಮೂವತ್ತು ವರ್ಷದಿಂದ ದಿನಾ ಸಂಜೆ ಅದರ ಮೇಲೆ ಕೂತು ಬಡಾಯಿ ಕೊಚ್ಚಿದವನು ನಾನೇ, ಆದ್ದರಿಂದ ಖಾತ್ರಿ ಇದೆ. ನೀವು ಅಲ್ಲಿ ಇಟ್ಟರೆ ಅದು ಈಗಾಗಲೇ ಅಲ್ಲಿ ಇರುತ್ತದೆ ಎಂದು ತೋಟಪ್ಪ ಹೇಳುತ್ತಾನೆ. ನನಗೆ ಅದು ತಿಳಿಯಲಿಲ್ಲ, ಹೇಳಿದ ಅವನಿಗೂ ತಿಳಿದಂತೆ ಕಾಣಲಿಲ್ಲ. ಪತ್ರ ಕಲ್ಲಿನಿಂದ ಹೋದ ಮೇಲೆ ಹಾರೆ ತೆಗೆದುಕೊಂಡು ಗುಡ್ಡ ಹತ್ತುತ್ತೇವೆ. ನೀಲಗಂಗಾ ಹಾರೆಯನ್ನು ಆಗಲೇ ಬಾಗಿಲ ಹತ್ತಿರ ತಂದಿಟ್ಟಿದ್ದಾಳೆ. ನನ್ನನ್ನೂ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.

ಮೆಟ್ಟಿಲ ಕೆಳಗೆ ಬರೀ ಮಣ್ಣಿದ್ದರೆ ಮಾರ್ಚ್ ಹತ್ತಕ್ಕೆ ಅವಳ ಎಂಬತ್ತು ಸಂಜೆ ದೆವ್ವ ಕಂಡವರ ಕಟ್ಟಿಗೆ ಹೋಗುತ್ತವೆ. ಅದು ನಿಮ್ಮ ತಪ್ಪು ಆಗುವುದಿಲ್ಲ ಅಕ್ಕಾ. ಗುಡ್ಡ ಇಳಿದವರ ತಪ್ಪೂ ಅಲ್ಲ, ಅವರ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ.

ಇನ್ನು ಕೊನೆಯ ಸಾಲು ಉಳಿದಿದೆ. ಎರಡನೆಯ ಪತ್ರದಲ್ಲಿ ಕಳೆದವು ಮೂರು ಎಂದು ಬರೆದಿದ್ದೆ. ಮೂರು ಉಳಿದದ್ದು, ಮುಚ್ಚಳದ ಎಪ್ಪತ್ತನಾಲ್ಕರಲ್ಲಿ. ಇವತ್ತು ಹತ್ತಿಪ್ಪತ್ತು ಎಂದು ಬರೆದು ನೋಡೋಣವೇ ಎಂದು ಪೆನ್ನು ಎತ್ತಿದೆ. ನಾಲ್ಕು ದಿನದ ಮೇಲೆ ನೀಲಗಂಗಾ ಬಾಯಿ ಬಿಟ್ಟಳು: “ಕಾಕಾ, ಅಂಕಿಯೊಳಗೂ ಬರಿ, ಅಕ್ಷರದೊಳಗೂ ಬರಿ.” ಬರೆಯುತ್ತಿದ್ದೇನೆ.

ಕಳೆದವು ೭೧. ಎಪ್ಪತ್ತೊಂದು.